ಕಾಕು ಹತ್ತದ ಗಾಡಿ

ನಮ್ಮ ಮನೆಯಲ್ಲಿ ಹಿರಿಯರನ್ನು ಹೆಸರು ಹಿಡಿದು ಕರೆಯುವ ರೂಢಿ ಇರಲಿಲ್ಲ. ಕಾಕಾನ ಕಾರು ವಯಸ್ಸಿನಲ್ಲಿ ನನಗಿಂತ ದೊಡ್ಡದಾದ್ದರಿಂದ ಅದಕ್ಕೂ ಆ ಮರ್ಯಾದೆ ಸಂದಿತು. ಅಮೇರಿಕದಲ್ಲಿ ಅದನ್ನು ಹುಟ್ಟಿಸಿದವರು ಇಟ್ಟ ಹೆಸರೊಂದು ಹಿಂಬದಿಯಲ್ಲಿ ಬೆಳ್ಳಿ ಬಣ್ಣದ ಅಕ್ಷರಗಳಲ್ಲಿ ಇತ್ತು. ನಾವು ಮಾತ್ರ ಅದನ್ನು ‘ದೊಡ್ಡ ಗಾಡಿ’ ಎಂದೇ ಕರೆದೆವು. ಸಣ್ಣ ಗಾಡಿ ಅಂತ ನಮ್ಮಲ್ಲಿ ಯಾವುದೂ ಇರಲಿಲ್ಲ. ಕಾಕಾನ ಸ್ಕೂಟರು ಇತ್ತು, ಅಪ್ಪನ ಸೈಕಲ್ಲು ಇತ್ತು.

ಕಾಕಾ ಎಂದರೆ ಅಪ್ಪನ ತಮ್ಮ. ಬೆಳಗಾವಿಯ ಉದ್ಯಮಬಾಗಿನಲ್ಲಿ ಅವನದೊಂದು ಲೇತ್ ಶೆಡ್ಡು. ನೀರೆತ್ತುವ ಪಂಪುಗಳ ಬಿಡಿಭಾಗ ಮಾಡಿ ಕೊಡುತ್ತಿದ್ದ. ಕಾಕು ಅವನ ಹೆಂಡತಿ, ಪಾರಿಶ್ವಾಡದ ಒಕ್ಕಲುತನದ ಜೈನರ ಮನೆಯ ಮಗಳು. ಅವರ ಒಬ್ಬಳೇ ಮಗಳು ಲಗ್ನವಾಗಿ ಸಾಂಗ್ಲಿ ಸೇರಿದ್ದಳು. ಶಿವಬಸವ ನಗರದ ಮನೆಯಲ್ಲಿ ಅವರಿಬ್ಬರು, ನನ್ನ ಅಪ್ಪ-ಅವ್ವ, ಮತ್ತು ಸರಕಾರಿ ಕಚೇರಿಯೊಂದಕ್ಕೆ ಹೋಗಿ ದೇಶಕ್ಕೆ ಹೆಚ್ಚಿನ ನಷ್ಟವಾಗದಂತೆ ಕುಳಿತು ಬರುತ್ತಿದ್ದ ನಾನು.

ಆ ಗಾಡಿ ಕಾಕಾನ ಆಯುಷ್ಯದಲ್ಲಿ ಎರಡು ಸಲ ಬಂತು. ಮೊದಲ ಸಲ ಬಂದಾಗ ನಿಲ್ಲಲಿಲ್ಲ. ಅರವತ್ತರ ದಶಕದ ಮೊದಲ ವರ್ಷಗಳು. ಗೋವೆ ಆಗಷ್ಟೇ ಪೋರ್ಚುಗೀಜರ ಕೈಬಿಟ್ಟಿತ್ತು. ಕಾಕಾ ಖಾನಾಪುರದಲ್ಲಿ ಸಂಬಂಧಿಕರ ಮನೆಯಲ್ಲಿದ್ದು ಮ್ಯಾಟ್ರಿಕ್ ಓದುತ್ತಿದ್ದ. ಒಂದು ಸಂಜೆ ಗೋವೆಯ ಕಡೆಯಿಂದ, ಯಾರೋ ಗಣಿ ಮಾಲೀಕನದಿರಬೇಕು, ತಲೆಯ ಮೇಲೆ ಮಾಡು ಇಲ್ಲದ ಉದ್ದನೆಯ ಕಾರೊಂದು ಘಟ್ಟ ಹತ್ತಿ ಬಂದು ಪೇಟೆಯ ನಡುವೆ ಹಾಯ್ದು ಹೋಯಿತು. ಕಾಕಾ ಇದನ್ನು ನಮಗೆ ಎಷ್ಟೋ ಸಲ ಹೇಳಿದ್ದಾನೆ. ಪ್ರತಿ ಸಲವೂ ಗಾಡಿಯ ವರ್ಣನೆ ಒಂದೇ ಮಾತಿನಲ್ಲಿ ಮುಗಿಯುತ್ತಿತ್ತು, ಒಳಗೆ ಕುಳಿತವರದು ಮುಗಿಯುತ್ತಿರಲಿಲ್ಲ. ಗಂಡ ಹೆಂಡತಿ ಬಾಜುಬಾಜು ಕುಳಿತಿದ್ದರಂತೆ, ಇಡೀ ಪೇಟೆಗೆ ಕಾಣುವಂತೆ. ಆಕೆ ಏನೋ ಹೇಳಿದಳಂತೆ, ಅವನು ನಕ್ಕನಂತೆ. ನಮ್ಮ ಕಡೆ ಆಗ ಗಂಡ ಮುಂದೆ ನಡೆದರೆ ಹೆಂಡತಿ ಕೂಗಳತೆಯ ಹಿಂದೆ. ನಗುವ ಮಾತು ಏನಿದ್ದರೂ ಒಳಮನೆಯಲ್ಲಿ, ಬಾಗಿಲು ಮುಂದೆ ಮಾಡಿ. ಅಂಥದರಲ್ಲಿ ಮಾಡನ್ನೇ ಕಿತ್ತೆಸೆದು ಕುಳಿತ ಆ ದಂಪತಿಗಳು ಮ್ಯಾಟ್ರಿಕ್ ಪರೀಕ್ಷೆಗೆ ಕೂರಬೇಕಿದ್ದ ಕಾಕಾನನ್ನು ಕೆಡಿಸಿ ಹೋದರು. ಆ ವರ್ಷ ಅವನು ಪಾಸಾಗಲಿಲ್ಲ.

ಎರಡನೆಯ ಸಲ ಗಾಡಿ ಸಿಕ್ಕಿದ್ದು ಖಾನಾಪುರದ ಒಂದು ಮುಚ್ಚಿದ ಹಂಚಿನ ಕಾರ್ಖಾನೆಯಲ್ಲಿ, ತೊಂಬತ್ತರ ದಶಕದ ಆರಂಭದಲ್ಲಿ. ಪಂಪಿನ ಕೆಲಸಕ್ಕೆಂದು ಹೋದ ಕಾಕಾ ಅದನ್ನು ಕಂಡಾಗ ಮುಂದಿನ ಸೀಟಿನಲ್ಲಿ ಕೋಳಿಯೊಂದು ಕಾವು ಕುಳಿತಿತ್ತು. ಮರಿಗಳಾಗುವವರೆಗೆ ಕಾಯ್ದು, ನಂತರ ಗಾಡಿಯನ್ನು ಟ್ರ್ಯಾಕ್ಟರಿಗೆ ಕಟ್ಟಿ ಬೆಳಗಾವಿಗೆ ಎಳೆಸಿಕೊಂಡು ಬಂದ. ಅಹಿಂಸೆಯ ವಿಷಯದಲ್ಲಿ ನಮ್ಮ ಮನೆತನ ಕಟ್ಟುನಿಟ್ಟು.

“ಇದು ಅದ ಗಾಡಿ,” ಎಂದ ಕಾಕಾ.

ಅದೇ ಹೌದೋ ಅಲ್ಲವೋ ದೇವರಿಗೇ ಗೊತ್ತು. ಯಾರೂ ತಕರಾರು ಮಾಡಲಿಲ್ಲ.

ಮನೆಯ ಬಾಜುವಿನ ತಗಡಿನ ಶೆಡ್ಡಿನಲ್ಲಿ ಅದರ ಪುನರ್ಜನ್ಮ ಶುರುವಾಯಿತು. ರವಿವಾರ ಮತ್ತು ರಜೆಗಳೆಲ್ಲ ಅದಕ್ಕೇ. ಅಮೇರಿಕದಿಂದ ಭಾಗ ತರಿಸುವ ಪ್ರಶ್ನೆಯೇ ಇರಲಿಲ್ಲ. ಒಡೆದ ಭಾಗವನ್ನು ಬಿಚ್ಚುವುದು, ಕಟ್ಟಿಗೆಯಲ್ಲಿ ಅದರ ಅಚ್ಚು ಮಾಡಿಸುವುದು, ಉದ್ಯಮಬಾಗಿನ ಫೌಂಡ್ರಿಯಲ್ಲಿ ಎರಕ ಹೊಯ್ಯಿಸುವುದು, ತನ್ನ ಲೇತಿನ ಮೇಲೆ ಹದಕ್ಕೆ ತರುವುದು, ಜೋಡಿಸುವುದು, ಕೂಡದಿದ್ದರೆ ಮತ್ತೆ ಮೊದಲಿನಿಂದ. ಬಟ್ಟೆಯ ಮಾಡನ್ನು ಹೊಲಿದುಕೊಟ್ಟವನು ಲಾರಿಗಳಿಗೆ ತಾಡಪತ್ರಿ ಹೊಲಿಯುವವನು. ಮುಚ್ಚಿದಾಗ ಗಾಡಿ ಮೆಣಸಿನಕಾಯಿ ಚೀಲ ಹೇರಿಕೊಂಡು ಬ್ಯಾಡಗಿಗೆ ಹೊರಟಂತೆ ಕಾಣುತ್ತಿತ್ತು. ಓಣಿಯವರು ಹೋಗುತ್ತ ಬರುತ್ತ ಕೇಳುತ್ತಿದ್ದರು: “ಏನ್ರೀ, ನಿಮ್ಮ ಇಮಾನ ಯಾವಾಗ ಹಾರತೈತಿ?” ಕಾಕಾ ಗಂಭೀರವಾಗಿ, “ಗಾಳಿ ಇನ್ನೂ ಕೂಡಿ ಬಂದಿಲ್ರಿ,” ಎನ್ನುತ್ತಿದ್ದ.

ಕಾಕುವಿನ ಧೋರಣೆ ಬೇರೆ. ಕಳಚಿ ಅಂಗಳದಲ್ಲಿಟ್ಟ ಬಾನೆಟ್ಟಿನ ಮೇಲೆ ಅವಳು ಬೇಸಿಗೆಯಲ್ಲಿ ಹಪ್ಪಳ ಒಣ ಹಾಕಿದಳು. “ಇಷ್ಟ ಅಗಲದ ಪರಾತ ಬೆಳಗಾಂವ್ ಪೇಟ್ಯಾಗ ಎಲ್ಲೂ ಸಿಗಂಗಿಲ್ಲ,” ಎಂದು ಅವ್ವನಿಗೆ ತೋರಿಸಿದಳು.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಮಳೆಗಾಲದ ನಾಲ್ಕು ತಿಂಗಳು ನಮ್ಮ ಮುನಿಗಳು ಊರೂರು ನಡೆಯದೆ ಒಂದೆಡೆ ನಿಲ್ಲುತ್ತಾರೆ, ಅದು ಚಾತುರ್ಮಾಸ. ಗಾಡಿ ಬಿಚ್ಚಿ ಹರವಿದ್ದ ವರ್ಷ ನಮ್ಮ ಬಸದಿಗೆ ಒಬ್ಬ ಮುನಿ ಮಹಾರಾಜರು ಬಂದಿದ್ದರು. ಪ್ರವಚನದ ಕೊನೆಗೆ ಅವರು ಜನರನ್ನು ಕೇಳುತ್ತಿದ್ದರು: ಏನು ಬಿಡುತ್ತೀರಿ? ಆಗ ಒಬ್ಬೊಬ್ಬರೇ ಎದ್ದು, ಒಂದು ಪದಾರ್ಥವನ್ನೋ ಸುಖವನ್ನೋ ಇಷ್ಟು ಕಾಲ ಬಿಟ್ಟೆ ಎಂದು ಎಲ್ಲರೆದುರು ಹೇಳಬೇಕು. ಅದು ನಿಯಮ. ಮಹಾರಾಜರು ನವಿಲುಗರಿಯ ಪಿಂಛಿ ಎತ್ತಿ ಆಶೀರ್ವಾದ ಮಾಡಿದರೆಂದರೆ ಮುಗಿಯಿತು, ಹಿಂದೆ ಸರಿಯುವಂತಿಲ್ಲ.

ಈ ವಿಷಯದಲ್ಲಿ ನಮ್ಮ ಮನೆತನದ ಜಾಣತನ ಹೆಸರುವಾಸಿಯಾಗಿತ್ತು. ಹೇಗೂ ಸಿಗದಿರುವುದನ್ನು ಬಿಡಬೇಕು ಎಂಬುದು ನಮ್ಮ ತತ್ವ. ಅಜ್ಜಿ ಬದುಕಿರುವವರೆಗೆ ಪ್ರತಿ ಮಳೆಗಾಲ ಆಪೂಸು ಮಾವಿನ ಹಣ್ಣು ಬಿಟ್ಟಳು. ಅಪ್ಪ ಸಮುದ್ರಯಾನ ಬಿಟ್ಟಿದ್ದ. ನಾನು ಕುದುರೆ ಸವಾರಿಯನ್ನು ಜೀವನಪೂರ್ತಿ ತ್ಯಜಿಸಿದ್ದೇನೆ, ಇಂದಿನವರೆಗೂ ಮುರಿದಿಲ್ಲ.

ಆ ದಿನ ಕಾಕು ಎದ್ದಳು. ಮುಂಜಾನೆ ಗ್ರೀಸು ಮೆತ್ತಿದ ಕೈಯಿಂದ ಕಾಕಾ ಅವಳ ಪೂಜೆಯ ಸೀರೆ ಮುಟ್ಟಿದ್ದ, ಆ ಸಿಟ್ಟು ಮುಖದ ಮೇಲೆ ಇನ್ನೂ ಇತ್ತು.

“ನಮ್ಮ ಮನಿಯಾಗ ಒಂದು ದೊಡ್ಡ ಗಾಡಿ ಐತ್ರಿ, ಮಹಾರಾಜ್. ಅದರಾಗ ಕುಂದರೂದು ಬಿಟ್ಟೇನಿ.”

“ಎಷ್ಟು ದಿನಕ್ಕ?”

“ಜೀವ ಇರೂತನಕಾರೀ.”

ಹೆಂಗಸರ ಸಾಲು ಸೆರಗು ಬಾಯಿಗಿಟ್ಟುಕೊಂಡಿತು. ಗಂಡಸರ ಕಡೆ ಎಲ್ಲರಿಗಿಂತ ಜೋರಾಗಿ ನಕ್ಕವನು ಕಾಕಾನೇ. ಆಗ ಶೆಡ್ಡಿನಲ್ಲಿದ್ದದ್ದು ಗಾಲಿ ಇಲ್ಲದ, ಇಂಜಿನ್ನು ಹೊರಗೆ ತೆಗೆದ ಒಂದು ಎಲುಬಿನ ಹಂದರ. ಆಪೂಸು, ಸಮುದ್ರ, ಕುದುರೆಗಳ ಸಾಲಿಗೆ ಅದೂ ಸೇರಿತು. ಮಹಾರಾಜರು ಪಿಂಛಿ ಎತ್ತಿದರು.

ತಪ್ಪಾದದ್ದು ಒಂದೇ. ಗಾಡಿ ತಯಾರಾಯಿತು.

ವರ್ಷಗಳೇ ಹಿಡಿದವು, ಆದರೆ ಆಯಿತು. ಎರಡು ಸಾವಿರದ ಇಸವಿ ಬಂದಾಗ ಜಗತ್ತಿನ ಗಣಕಯಂತ್ರಗಳೆಲ್ಲ ನಿಂತುಹೋಗುತ್ತವೆ ಎಂದು ಪತ್ರಿಕೆಗಳು ಹೆದರಿಸುತ್ತಿದ್ದ ಹೊತ್ತಿನಲ್ಲಿ ನಮ್ಮ ಶೆಡ್ಡಿನ ಯಂತ್ರ ಶುರುವಾಯಿತು. ಬಣ್ಣ ಯಾವುದಿರಲಿ ಎಂದು ಕಾಕಾ ಕೇಳಿದಾಗ ಕಾಕು, ಯೋಚಿಸಿದಂತೆಯೂ ಕಾಣಿಸದೆ, “ಬದನಿಕಾಯಿ ಬಣ್ಣ ಹಚ್ರಿ, ಚಂದ ಕಾಣತೈತಿ,” ಎಂದಿದ್ದಳು. ಬೀಜ ಬಹಳವೆಂದು ಬದನೆಕಾಯಿ ತಿನ್ನದ ನಮ್ಮ ಮನೆಗೆ ಬದನೆಕಾಯಿ ಪ್ರವೇಶಿಸಿದ್ದು ಹೀಗೆ. ಆ ಕಡುಬಣ್ಣದ ಮೇಲೆ ಬೆಳ್ಳಗಿನ ಸೀಟು, ಮುಖ ನೋಡಿಕೊಳ್ಳಬಹುದಾದ ಬಂಪರು, ಎಂಟು ಸಿಲಿಂಡರಿನ ಇಂಜಿನ್ನು ಹೊಟ್ಟೆಯೊಳಗೇ ಗುಡುಗುವ ಸದ್ದು. ಅದು ಓಣಿಯಲ್ಲಿ ನಿಂತಲ್ಲೇ ಗುಡುಗಿದರೆ ಎದುರು ಮನೆಯ ಅಡುಗೆಮನೆಯಲ್ಲಿ ಪಾತ್ರೆಗಳು ಮಾತಾಡುತ್ತಿದ್ದವು.

ಮೊದಲ ದಿನ ಓಣಿಯೆಲ್ಲ ಕೂಡಿತ್ತು. ಕಾಕು ಆರತಿ ಮಾಡಿದಳು, ಬಾನೆಟ್ಟಿನ ಮೇಲೆ ಅರಿಶಿನ ಕುಂಕುಮದ ಸ್ವಸ್ತಿಕ ಬರೆದಳು. ಮಾಡು ಮಡಚಿತ್ತು. ಕಾಕಾ ಬಿಳಿ ಟೊಪ್ಪಿಗೆ ಹಾಕಿಕೊಂಡು, ಆ ಕಡೆಯ ಬಾಗಿಲನ್ನು ತೆರೆದು ಹಿಡಿದು, ಊರಿಗೆಲ್ಲ ಕೇಳುವಂತೆ ಹೇಳಿದ:

“ಹೂಂ, ಬಾ. ಕುಂದರು.”

ಕಾಕು ಆರತಿ ತಟ್ಟೆ ಹಿಡಿದು ನಿಂತೇ ಇದ್ದಳು. ಕಾಕಾನ ಮುಖದಲ್ಲಿದ್ದ ನಗು ಸ್ವಲ್ಪ ಹೊತ್ತು ಅಲ್ಲೇ ನಿಂತು, ಆಮೇಲೆ ಕೆಳಗಿಳಿಯಿತು. ನಮ್ಮೆಲ್ಲರಿಗೂ ಒಮ್ಮೆಗೇ ನೆನಪಾಗಿತ್ತು.

“ನಿಯಮ ಐತಲ್ರೀ,” ಎಂದಳು ಕಾಕು, ಮೆಲ್ಲಗೆ.

ಆ ದಿನದಿಂದ ಕಾಕಾ ವಕೀಲನಾದ. ಮೊದಲ ವಾದವನ್ನು ರಾತ್ರಿಯೂಟವಿಲ್ಲದ ನಮ್ಮ ಮನೆಯ ಸಂಜೆಯ ಪಂಕ್ತಿಯಲ್ಲೇ ಹೂಡಿದ. “ನೀ ಬಿಟ್ಟಿದ್ದು ಯಾವ ಗಾಡಿ? ಹಂಚಿನ ಕಾರ್ಖಾನಿಯಿಂದ ಬಂದದ್ದು. ಅದರ ಗೇರು ನಾ ಬದಲ ಮಾಡೇನಿ, ಅರ್ಧ ಇಂಜಿನ್ ಬದಲ ಮಾಡೇನಿ, ನೆಲದ ತಗಡು, ಸೀಟು, ಮಾಡು ಎಲ್ಲಾ ಹೊಸಾದು. ನೀ ಬಿಟ್ಟ ಗಾಡಿ ಈಗ ಇಲ್ಲೇ ಇಲ್ಲ.”

ಕಾಕು ತಾಟಿಗೆ ರೊಟ್ಟಿ ಹಾಕುತ್ತ ಹೇಳಿದಳು: “ನೀವೂ ಹಲ್ಲು ಕಟ್ಟಿಸ್ಕೊಂಡೀರಿ. ಕಣ್ಣಿನ ಪರದೆ ತಗಸೀರಿ. ಕೂದ್ಲ ಅಂತೂ ಹೋಗೇ ಬಿಟ್ಟಾವ. ಹಂಗಂತ ನಾ ಬ್ಯಾರೆದವರ ಮನ್ಯಾಗ ಬಾಳ್ವಿ ಮಾಡಾಕ್ಹತ್ತೇನಿ ಅಂತೀರೇನು?”

ಅಪ್ಪನಿಗೆ ಕೆಮ್ಮು ಹತ್ತಿತು. ಕಾಕಾ ಆ ಮುಕದ್ದಮೆ ಅಲ್ಲಿಗೇ ಬಿಟ್ಟ.

ಎರಡನೆಯ ವಾದ: “ಕುಂದರಂಗಿಲ್ಲ ಅಂದೀದಿ. ಮಾಡು ತೆರದೇ ಐತಿ. ಮಂತ್ರಿಗಳಂಗ ನಿಂತಕೊಂಡ ಬಾ.”

“ನಾ ಏನ್ ಓಟು ಕೇಳಾಕ ಹೊಂಟಿಲ್ಲ.”

ಕೊನೆಗೆ ಅವನು ಮೇಲಿನ ಕೋರ್ಟಿಗೇ ಹೋದ. ಆ ಮಹಾರಾಜರು ಆಗ ಅಥಣಿಯ ಕಡೆ ವಿಹಾರದಲ್ಲಿದ್ದರು. ಹುಡುಕಿಕೊಂಡು ಹೋಗಿ, ನಮಸ್ಕರಿಸಿ, ವಿಷಯ ಅರಿಕೆ ಮಾಡಿದ. ನಾನೂ ಜೊತೆಗಿದ್ದೆ. ಅವರು ಎಲ್ಲವನ್ನೂ ಕೇಳಿ ನಕ್ಕರು. “ಬಿಟ್ಟೇನಿ ಅಂದಾಕಿ ಆಕಿ. ಈಗ ಬೇಕಾಗೇತಿ ಅಂತ ಆಕಿನ ಬಂದು ಹೇಳ್ಲಿ. ಪ್ರಾಯಶ್ಚಿತ್ತ ಇಲ್ಲ ಅಂತ ಏನಿಲ್ಲ.”

ಕಾಕಾ ಹಾರುತ್ತ ಮನೆಗೆ ಬಂದ. ಕಾಕು ಬರಲೊಪ್ಪಲಿಲ್ಲ. ಯಾಕೆ ಎಂದರೆ ಹೇಳಲೂ ಇಲ್ಲ.

ನನಗೆ ಹೇಳಿದಳು. ಒಂದು ಮುಂಜಾನೆ ಹಿತ್ತಿಲಲ್ಲಿ ಕೊಡಕ್ಕೆ ಬಟ್ಟೆ ಕಟ್ಟಿ ನೀರು ಸೋಸುತ್ತಿದ್ದಳು. ನಾನು ಬಿಂದಿಗೆ ಎತ್ತಿ ಕೊಡುತ್ತಿದ್ದೆ. ತಾನಾಗಿಯೇ ಮಾತು ತೆಗೆದಳು.

“ಅವತ್ತ ನಾ ಬಿಟ್ಟಿದ್ದರ ಏನು? ಜಂಗ ತಿಂದ ತಗಡು. ಅದನ್ನ ಮಹಾರಾಜರ ಮುಂದ ಇಟ್ಟು ತ್ಯಾಗ ಮಾಡೇನಿ ಅಂದೆ. ಎಲ್ಲಾರೂ ನಕ್ಕರು, ನಾನೂ ಒಳಗೊಳಗ ನಕ್ಕೆ. ಅದು ಮೋಸ ಅಲ್ಲೇನೋ ತಮ್ಮಾ? ಈಗ ದಿನಾ ಬಾಗಲಾ ತಗದ್ರ ಎದುರಿಗೇ ನಿಂತಿರ್ತೈತಿ. ಈಗ ಬೇಕನಸ್ತೈತಿ. ಬಾಳ ಬೇಕನಸ್ತೈತಿ. ಈಗ ಬಿಟ್ರ ಖರೇ ಬಿಟ್ಟಂಗ.”

ಬಟ್ಟೆಯನ್ನು ಹಿಂಡಿ ಒಣ ಹಾಕಿದಳು.

“ಬೇಕನಸ್ತೈತಿ ಅಂದಿದ್ದು ನಿಮ್ಮ ಕಾಕಾಗ ಹೇಳಬ್ಯಾಡ. ಮತ್ತ ಕೋರ್ಟು ಚಾಲೂ ಮಾಡ್ತಾರ.”

ನಾನು ಹೇಳಲಿಲ್ಲ. ಕಾಕಾ ಮಾತ್ರ ಬೇರೆಯೇ ತಿಳಿದುಕೊಂಡ. ತನ್ನ ಮೇಲಿನ ಸಿಟ್ಟು ಇವಳಿಗೆ ಇನ್ನೂ ಇಳಿದಿಲ್ಲ, ಗಾಡಿ ಎಂದರೆ ಇವಳಿಗೆ ಬೇಡ, ಎಂದು. ಸಂಜೆ ಹೊತ್ತು ಗಾಡಿಯನ್ನು ಹೊರಗೆ ತೆಗೆದು, ಒರೆಸಿ, ಒಬ್ಬನೇ ಮಿಲಿಟರಿಯವರ ಕಾಂಪಿನವರೆಗೆ ಹೋಗಿ ಬರುತ್ತಿದ್ದ. ಜನ ನಿಂತು ನೋಡುತ್ತಿದ್ದರು, ಕೆಲವರು ಕೈ ಎತ್ತುತ್ತಿದ್ದರು. ಬಾಜುವಿನ ಖಾಲಿ ಜಾಗದ ಮೇಲೆ ಅವನು ತನ್ನ ಟೊಪ್ಪಿಗೆ ಬಿಚ್ಚಿಡುತ್ತಿದ್ದ.

ಈಗ ಅವರಿಬ್ಬರೂ ಇಲ್ಲ. ಗಾಡಿ ಕೊಲ್ಲಾಪುರದ ಕಡೆಯ ಯಾರೋ ಶೋಕಿಯವರ ಮನೆಯಲ್ಲಿದೆ ಎಂದು ಕೇಳಿದ್ದೇನೆ. ಕಾಕು ಕೊನೆಯವರೆಗೂ ಅದರಲ್ಲಿ ಕೂರಲಿಲ್ಲ. ಆದರೂ ನನಗೆ ಆ ಗಾಡಿ ಎಂದೊಡನೆ ನೆನಪಾಗುವುದು ಅವಳೇ, ಅದೂ ಒಂದು ಸರಕಾರಿ ಬಸ್ಸಿನಲ್ಲಿ ಕುಳಿತ ಕಾಕು.

ಪಾರಿಶ್ವಾಡದಲ್ಲಿ ಅವಳ ಅಣ್ಣ ಹೊಸ ಮನೆ ಕಟ್ಟಿಸಿದ್ದ. ಮಳೆ ಮುಗಿದು ಭತ್ತದ ಸುಗ್ಗಿಯೂ ಆದ ಮೇಲೆ ವಾಸ್ತುಶಾಂತಿ ಇಟ್ಟುಕೊಂಡಿದ್ದರು. ಅಪ್ಪ-ಅವ್ವ ಹಿಂದಿನ ದಿನವೇ ಹೋಗಿದ್ದರು. ಕಾಕಾ ದೊಡ್ಡ ಗಾಡಿಯನ್ನೇ ಒಯ್ಯಬೇಕೆಂದು ಹಟ ಹಿಡಿದ. ಬೇಡವೆನ್ನಬಹುದು ಎಂದುಕೊಂಡಿದ್ದೆ. ಕಾಕು ಖುಷಿಯಿಂದ ಹೂಂಗುಟ್ಟಿದಳು. “ಒಯ್ಯಿರಿ, ಒಯ್ಯಿರಿ. ನಮ್ಮ ಮಂದಿ ನೋಡ್ಲಿ. ನಾ ಬಸ್ಸಿಗೆ ಬರ್ತೇನಿ.”

ನಾನು ಗಾಡಿಯಲ್ಲಿ ಹೋಗಲೇಬೇಕಿತ್ತು. ಅಮೇರಿಕದ ಗಾಡಿಯಾದ್ದರಿಂದ ಸ್ಟೇರಿಂಗು ಎಡಗಡೆ. ಮುಂದಿನ ವಾಹನವನ್ನು ದಾಟಬೇಕೆಂದರೆ ನಡೆಸುವವನಿಗೆ ಎದುರಿನ ರಸ್ತೆ ಕಾಣುವುದಿಲ್ಲ. ಬಲಗಡೆ ಕುಳಿತವನು ಹೊರಗೆ ಬಾಗಿ ನೋಡಿ ಅಪ್ಪಣೆ ಕೊಡಬೇಕು. ಕಚೇರಿಯಲ್ಲಿ ಯಾರೂ ಕೇಳದ ನನ್ನ ಅಪ್ಪಣೆಗೆ ಅಲ್ಲಿ ಬೆಲೆ ಇತ್ತು.

ಬೆಳಗಾವಿ ಬಸ್ ಸ್ಟ್ಯಾಂಡಿನಲ್ಲಿ ಕಾಕುವನ್ನು ಖಾನಾಪುರ ಬಸ್ಸು ಹತ್ತಿಸಿ, ಅದರ ಬೆನ್ನಿಗೇ ನಾವೂ ಹೊರಟೆವು. ಊರೊಳಗಿನ ಗದ್ದಲದಲ್ಲಿ ಬಸ್ಸಿನ ಹಿಂದೆ ಹಿಂದೆಯೇ ಸಾಗಿದೆವು. ಪೀರನವಾಡಿ ಕಳೆದು ಮಚ್ಛೆ ದಾಟುತ್ತಲೇ ನಾನು ಬಾಗಿ ನೋಡಿ, “ಹೋಗ್ರಿ,” ಎಂದೆ. ಕಾಕಾ ಕಾಲು ಒತ್ತಿದ. ಬಸ್ಸು ಒಂದು ಕೆಂಪು ಗೆರೆಯಂತೆ ಬಾಜುವಿನಿಂದ ಹಿಂದಕ್ಕೆ ಹೋಯಿತು. ಅಲ್ಲಿಂದ ಖಾನಾಪುರದವರೆಗೆ ಗಾಳಿಗೆ ನನ್ನ ಕಣ್ಣಲ್ಲಿ ನೀರು. ಕಾಕಾನ ಕಣ್ಣಲ್ಲೂ ಇತ್ತು, ಗಾಳಿಗೋ ಏನೋ.

ಖಾನಾಪುರ ಸ್ಟ್ಯಾಂಡಿನ ಎದುರು ನಿಲ್ಲಿಸುತ್ತಲೇ ಮಂದಿ ಮುತ್ತಿದರು. ಹಣೆಗೆ ಗಂಧ ಹಚ್ಚಿದ ಮರಾಠಿ ಅಜ್ಜರೊಬ್ಬರು ಬಂಪರಿನಲ್ಲಿ ಮೀಸೆ ನೋಡಿಕೊಂಡು, “ಕಾಯ್ ರಾವ್, ಶೂಟಿಂಗ್ ಆಹೇ ಕಾ?” ಎಂದು ಸಿನಿಮಾದವರನ್ನು ಕೇಳುವಂತೆ ಕೇಳಿದರು. ಕಾಕಾ ಅವರಿಗೆ ಇಂಜಿನ್ನು ತೋರಿಸಿದ, ಮಾಡು ಮುಚ್ಚಿ ತೆರೆದು ತೋರಿಸಿದ. ಉತ್ಸಾಹ ಮಾತ್ರ ಇರಲಿಲ್ಲ.

ಬಹಳ ಹೊತ್ತಿನ ಮೇಲೆ ಬಸ್ಸು ಬಂತು. ಕಾಕು ಹಿಂದಿನ ಬಾಗಿಲಿನಿಂದ ಇಳಿದಳು. ಮುಖ ಬಿಳಿಚಿಕೊಂಡಿತ್ತು, ಲಿಂಬೆಹಣ್ಣನ್ನು ಮೂಗಿಗೆ ಹಿಡಿದಿದ್ದಳು. ಅವಳ ಚೀಲ ಇಳಿಸಿಕೊಡುತ್ತ ಕಂಡಕ್ಟರು ಕಾಕಾನಿಗೆ ದೂರು ಹೇಳಿದ:

“ನಿಮ್ಮ ಮನ್ಯವ್ರೇನ್ರೀ? ಮುಂದ ಸೀಟು ಖಾಲಿ ಅದಾವ, ಬರ್ರಿ ಕಾಕೂ, ಹಿಂದ ಕುಲಕತೈತಿ ಅಂದ್ರ ಕೇಳವಲ್ರು. ಕಡೀ ಸೀಟಿನ್ಯಾಗ ಕುಂತು ಹಿಂದಿನ ಕಿಡಕಿ ಕಾಜಿಗೆ ಮುಖಾ ಹಚ್ಚಿದವ್ರು ತಗೀಲಿಲ್ಲ. ಟಿಕೀಟು ಕೊಡಾಕ ನಾ ಅವರ ಬೆನ್ನಿಗೇ ಮಾತಾಡಿದೆ.”

“ಹಿಂದ ಯಾಕ ಕುಂತಿದ್ದಿ? ನಿನಗ ಆಗಂಗಿಲ್ಲ ಅಂತ ಗೊತ್ತಿಲ್ಲೇನು?” ಎಂದ ಕಾಕಾ.

ಕಾಕು ಅವನ ಮುಖ ನೋಡಲಿಲ್ಲ. ಗಾಡಿಯನ್ನು ನೋಡಿದಳು.

“ಮುಂದ ಕುಂತ್ರ ಇದು ಕಾಣಬೇಕಲ್ಲ? ಮಚ್ಛಿತನಕ ಎಷ್ಟ ಚಂದ ಬರಾಕ್ಹತ್ತಿತ್ತು. ಮ್ಯಾಲಿಂದ ನೋಡಿದ್ರ ಬಿಳೀ ಸೀಟು, ನಿಮ್ಮ ಟೊಪಿಗಿ, ಎಲ್ಲಾ ಕಾಣತಿತ್ತು. ಆಮ್ಯಾಲ ನೀವು ಓಡಿ ಹೋದ್ರಿ. ನಾ ಬರೇ ಧೂಳಿ ನೋಡಕೋತ ಬಂದೆ.”

ನಮ್ಮ ಮನೆಯ ವಕೀಲ ಹೋಗಿ ಒಂದು ಸೋಡಾ ತಂದ. ಅವಳು ಕುಡಿಯುವವರೆಗೆ ಬಾಟಲಿಯ ಬಿರಡೆ ಹಿಡಿದುಕೊಂಡು ಎದುರಿಗೆ ನಿಂತಿದ್ದ.

ಪಾರಿಶ್ವಾಡದ ಬಸ್ಸು ಬಂದಾಗ ಕಾಕಾನೇ ಮೊದಲು ಹತ್ತಿದ. ಕೊನೆಯ ಸಾಲಿನ ನಡುವಿನ ಜಾಗದಲ್ಲಿ ಟವೆಲ್ಲು ಹಾಸಿ, ಕಿಸೆಯಿಂದ ಕರವಸ್ತ್ರ ತೆಗೆದು ಹಿಂದಿನ ಕಾಜನ್ನು ಒಳಗಿನಿಂದ ಒರೆಸಿದ. ಕೆಳಗಿಳಿದು ಬಂದು, ಬಸ್ಸಿನ ಹಿಂದಿನ ಏಣಿ ಹತ್ತಿ ಹೊರಗಿನಿಂದಲೂ ಒರೆಸಿದ. ಸ್ಟ್ಯಾಂಡಿನ ಮಂದಿ ಗಾಡಿಯನ್ನು ಬಿಟ್ಟು ಇದನ್ನು ನೋಡತೊಡಗಿದರು. “ಮಾಲಕರ, ಮುಂದಿಂದೂ ಒರಸಿಬಿಡ್ರಿ,” ಎಂದ ಡ್ರೈವರು.

ಬಸ್ಸು ಹೊರಟಿತು. ನಾವು ಹಿಂದೆ. ಕಾಕು ಸೀಟಿನ ಮೇಲೆ ಅಡ್ಡ ತಿರುಗಿ, ಒಂದು ಮೊಣಕೈ ಹಿಂದಕ್ಕೆ ಊರಿ, ಕಾಜಿನಿಂದ ನಮ್ಮನ್ನು ನೋಡುತ್ತಿದ್ದಳು. ಕಾಕಾ ಬೆನ್ನು ನೆಟ್ಟಗೆ ಮಾಡಿ ಫೋಟೋಕ್ಕೆ ಕುಳಿತವನಂತೆ ಕುಳಿತಿದ್ದ. ಬಸ್ಸು ನಿಂತಲ್ಲಿ ನಿಂತೆವು. ಯಾರೋ ಹುಲ್ಲಿನ ಹೊರೆ ಇಳಿಸಿಕೊಂಡರು, ಯಾರೋ ಕಂಡಕ್ಟರನ ಜೊತೆ ಜಗಳ ತೆಗೆದರು. ಅಮೇರಿಕದ ಹೆದ್ದಾರಿಗಳಲ್ಲಿ ಚಿರತೆಯಂತೆ ಹಾರಲೆಂದು ಹುಟ್ಟಿದ ಯಂತ್ರ ಎರಡನೆಯ ಗೇರಿನಲ್ಲಿ ಗೊಣಗುತ್ತ ಕಾಯ್ದಿತು. ಬಸ್ಸಿನ ಕರಿ ಹೊಗೆಯೆಲ್ಲ ನಮ್ಮ ಮೇಲೆ. ಬಿಳಿ ಸೀಟು ಬೂದಿ ಬಣ್ಣಕ್ಕೆ ತಿರುಗುತ್ತಿತ್ತು, ಕಾಕಾನ ಟೊಪ್ಪಿಗೆಯೂ.

ಭತ್ತ ಕೊಯ್ದ ಗದ್ದೆಗಳ ನಡುವೆ ರಸ್ತೆ ತಿರುಗುವಲ್ಲೆಲ್ಲ ಕಾಕಾ ಬೇಕೆಂದೇ ಹಿಂದೆ ಉಳಿಯುತ್ತಿದ್ದ. ಬಸ್ಸು ತಿರುವು ದಾಟಿದ ಮೇಲೆ ನಾವು ನಿಧಾನಕ್ಕೆ ಒಳಬರುತ್ತಿದ್ದೆವು. ಹಾಗೆ ಮಾಡಿದರೆ ಮೇಲಿನಿಂದ ನೋಡುವವರಿಗೆ ಗಾಡಿಯ ಬಾಜು ಪೂರ್ತಿ ಕಾಣುತ್ತದೆ ಎಂದು ಎರಡನೆಯ ತಿರುವಿನಲ್ಲಿ ನನಗೆ ಹೊಳೆಯಿತು. ಕಾಜಿನ ಹಿಂದೆ ಕಾಕು ಏನೋ ಹೇಳಿದಳು. ತುಟಿ ಅಲ್ಲಾಡಿದ್ದಷ್ಟೇ ಕಂಡಿತು.

ಕಾಕಾ ನಕ್ಕ.

“ಏನಂದ್ರು ಕಾಕೂ?” ಎಂದೆ.

“ಯಾಂವಗ ಗೊತ್ತು,” ಎಂದ, ನಗುತ್ತಲೇ.

ಮುಂದೆ ರಸ್ತೆ ನೇರವಾಯಿತು. ನಾನು ರೂಢಿಯಂತೆ ಹೊರಗೆ ಬಾಗಿ ನೋಡಿದೆ. ದೂರದವರೆಗೆ ಒಂದು ಚಕ್ಕಡಿಯೂ ಇರಲಿಲ್ಲ.

“ಪೂರಾ ಖಾಲಿ ಐತ್ರಿ ಕಾಕಾ. ಹೋಗ್ರಿ.”

“ನೀ ಸುಮ್ಮ ಕುಂದರೋ,” ಎಂದ ಕಾಕಾ, ಬಸ್ಸಿನ ಹಿಂದಿನ ಕಾಜಿನ ಮೇಲಿಂದ ಕಣ್ಣು ತೆಗೆಯದೆ.